ಲಾಗರ್ ಬಿಯರ್

ತಂಪಿನಲ್ಲಿ ನಿಧಾನವಾಗಿ ಹುದುಗಿಸಿ, ಆಮೇಲೆ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಚಳಿಯಲ್ಲೇ ಇಟ್ಟು ಮಾಗಿಸಿದ ಬಿಯರ್. ಜರ್ಮನ್ ನುಡಿಯಲ್ಲಿ ‘ಲಾಗರ್ನ್’ ಎಂದರೆ ದಾಸ್ತಾನು ಇಡುವುದು. ಹೆಸರು ಬಂದದ್ದು ಅಲ್ಲಿಂದ. ಹೊಂಬಣ್ಣದ ತಿಳಿ ಬಿಯರೇ ಲಾಗರ್ ಎಂದು ಹಲವರು ತಿಳಿದಿದ್ದಾರೆ. ಆದರೆ ಹತ್ತೊಂಬತ್ತನೆಯ ಶತಮಾನದ ಮಧ್ಯದವರೆಗೆ ಲಾಗರ್‌ಗಳು ಹೆಚ್ಚಾಗಿ ಕಂದು ಬಣ್ಣದವೇ ಆಗಿದ್ದವು.

ಏಲ್ ಎಂಬ ಹಳೆಯ ಬಗೆಯ ಬಿಯರಿನ ಯೀಸ್ಟ್ ಬೆಚ್ಚಗಿದ್ದಾಗ ಚುರುಕಾಗಿ ಕೆಲಸ ಮಾಡಿ ನೊರೆಯೊಡನೆ ಮೇಲಕ್ಕೆ ಏರುತ್ತದೆ. ಲಾಗರಿನ ಯೀಸ್ಟ್ ಸುಮಾರು 7ರಿಂದ 13 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸಾವಕಾಶವಾಗಿ ಹುದುಗಿ ಕೊನೆಗೆ ತಳದಲ್ಲಿ ಕೂರುತ್ತದೆ. ಚಳಿಗಾಲದ ದೋಸೆಹಿಟ್ಟನ್ನು ಕಾದವರಿಗೆ ಈ ನಿಧಾನ ಹೊಸದಲ್ಲ. ಏಲ್‌ನ ಹಣ್ಣಿನಂಥ ಪರಿಮಳ ಇದರಲ್ಲಿ ಕಡಿಮೆ. ಮಾಲ್ಟ್ ಮತ್ತು ಹಾಪ್ಸ್ ಹೂವಿನ ರುಚಿ ನೇರವಾಗಿ ತಿಳಿಯುತ್ತದೆ. ಈ ಯೀಸ್ಟ್ ಎರಡು ಜಾತಿಗಳ ಬೆರಕೆ. ಒಂದು ಏಲ್ ಯೀಸ್ಟ್. ಚಳಿ ತಾಳುವ ಇನ್ನೊಂದು ಜಾತಿ 2011ರಲ್ಲಿ ದಕ್ಷಿಣ ಅಮೆರಿಕದ ಪ್ಯಾಟಗೋನಿಯದ ಕಾಡುಮರಗಳ ಮೇಲೆ ಪತ್ತೆಯಾಯಿತು. ಮುಂದೆ ಟಿಬೆಟ್‌ನಲ್ಲೂ ಐರ್ಲೆಂಡ್‌ನಲ್ಲೂ ಸಿಕ್ಕಿತು.

ಲಾಗರ್ ಬೆಳೆದದ್ದು ಬವೇರಿಯದಲ್ಲಿ. ಬಾರ್ಲಿ, ನೀರು, ಹಾಪ್ಸ್ ಬಿಟ್ಟು ಬೇರೇನನ್ನೂ ಬಿಯರಿಗೆ ಹಾಕಬಾರದೆಂಬ ಅಲ್ಲಿನ 1516ರ ಕಟ್ಟಳೆಯೇ ಎಲ್ಲರ ಬಾಯಲ್ಲಿದೆ. ಲಾಗರಿನ ಮಟ್ಟಿಗೆ 1553ರ ಆಜ್ಞೆಯ ಪಾತ್ರ ಅದಕ್ಕಿಂತ ದೊಡ್ಡದು. ಬೇಸಿಗೆಯ ಬಿಯರ್ ಬೇಗ ಕೆಡುತ್ತಿದ್ದುದರಿಂದ, ಸೆಪ್ಟೆಂಬರ್ 29ರಿಂದ ಏಪ್ರಿಲ್ 23ರವರೆಗೆ ಮಾತ್ರ ತಯಾರಿಸಬೇಕೆಂದು ಅದು ವಿಧಿಸಿತು. ಚಳಿಗೆ ಒಗ್ಗಿದ ಯೀಸ್ಟಿಗೆ ಇದರಿಂದ ರಾಜಾಶ್ರಯವೇ ಸಿಕ್ಕಂತಾಯಿತು. ಬೇಸಿಗೆಗೆಂದು ಮಾರ್ಚ್ ತಿಂಗಳಲ್ಲೇ ತುಸು ಗಟ್ಟಿಯಾಗಿ ಮಾಡಿಡುತ್ತಿದ್ದ ಬಿಯರಿಗೆ ಮೆರ್ಟ್ಸನ್ ಎಂಬ ಹೆಸರು ಬಂತು. ಮ್ಯೂನಿಕ್‌ನಲ್ಲಿ ಪೀಪಾಯಿಗಳನ್ನು ನೆಲಮಾಳಿಗೆಗಳಲ್ಲಿ ಮಂಜುಗಡ್ಡೆಯೊಡನೆ ಇರಿಸಿ, ನೆಲ ಕಾಯದಿರಲೆಂದು ಮೇಲೆ ಚೆಸ್ಟ್‌ನಟ್ ಮರಗಳನ್ನು ನೆಡುತ್ತಿದ್ದರು. ಆ ನೆರಳಿನಲ್ಲಿ ಬೆಂಚು ಹಾಕಿ ಮಾರತೊಡಗಿದ್ದೇ ಅಲ್ಲಿನ ಹೆಸರಾಂತ ಬಿಯರ್ ತೋಟಗಳ ಮೂಲ.

ಬಗೆಗಳು ಕವಲೊಡೆದದ್ದರಲ್ಲಿ ನೀರಿನ ಪಾಲು ದೊಡ್ಡದು. ಮ್ಯೂನಿಕ್‌ನ ಕಾರ್ಬೊನೇಟ್ ತುಂಬಿದ ಗಡಸು ನೀರಿಗೆ ಹೆಚ್ಚು ಹುರಿದ ಮಾಲ್ಟ್ ಹೊಂದುತ್ತದೆ. ಹಾಗಾಗಿ ಅಲ್ಲಿ ಹುಟ್ಟಿದ್ದು ಬ್ರೆಡ್ಡಿನ ಸುಟ್ಟ ಅಂಚಿನ ರುಚಿಯ ಕಂದು ಡುಂಕೆಲ್. 1833ರಲ್ಲಿ ಮ್ಯೂನಿಕ್‌ನ ಗೇಬ್ರಿಯಲ್ ಸೆಡ್ಲ್‌ಮೇಯರ್ ಮತ್ತು ವಿಯೆನ್ನಾ ಬಳಿಯ ಶ್ವೆಹಾಟ್‌ನ ಆಂಟನ್ ಡ್ರೆಹರ್ ಬ್ರಿಟನ್ನಿನ ಬ್ರೂವರಿಗಳನ್ನು ನೋಡಿಬಂದರು. ಟೊಳ್ಳು ಊರುಗೋಲಿನೊಳಗೆ ಬಿಯರಿನ ಮಾದರಿ ಕದ್ದು ತಂದರೆಂಬ ಕಥೆ ಅವರದೇ. ಬಿಸಿಗಾಳಿಯಲ್ಲಿ ಮಾಲ್ಟ್ ಒಣಗಿಸುವ ಇಂಗ್ಲಿಷ್ ವಿಧಾನದ ನೆರವಿನಿಂದ 1841ರಲ್ಲಿ ಡ್ರೆಹರ್ ತಾಮ್ರದ ಬಣ್ಣದ ವಿಯೆನ್ನಾ ಲಾಗರನ್ನು ಹೊರತಂದ.

ಮುಂದಿನ ವರ್ಷವೇ ಬೊಹೀಮಿಯದ ಪಿಲ್ಸೆನ್ ಎಲ್ಲರನ್ನೂ ಮೀರಿಸಿತು. 1838ರಲ್ಲಿ ಕೆಟ್ಟುಹೋದ 36 ಪೀಪಾಯಿ ಬಿಯರನ್ನು ಪುರಭವನದ ಮುಂದೆ ಚೆಲ್ಲಿಸಿದ್ದ ಊರು ಅದು. ರೋಸಿಹೋದ ನಾಗರಿಕರು ತಾವೇ ಹೊಸ ಬ್ರೂವರಿ ಕಟ್ಟಿ, ಬವೇರಿಯದಿಂದ ಜೋಸೆಫ್ ಗ್ರೋಲ್‌ನನ್ನು ಕರೆಸಿದರು. ಊರಿನ ಮೆದು ನೀರು, ಮೊರಾವಿಯದ ಬಾರ್ಲಿಯ ಬಿಳಿಚು ಮಾಲ್ಟ್, ಜಾಟೆಟ್ಸ್‌ನ ಹಾಪ್ಸ್, ಬವೇರಿಯದ ತಂಪು ವಿಧಾನ ಇಷ್ಟನ್ನೂ ಕೂಡಿಸಿ ಅವನು 1842ರ ಅಕ್ಟೋಬರ್ 5ರಂದು ಮೊದಲ ಪಿಲ್ಸ್‌ನರ್ ತಯಾರಿಸಿದ. ಹೊಳೆಯುವ ಚಿನ್ನದ ಬಣ್ಣ, ಬಿಳಿ ನೊರೆ, ಖಚಿತವಾದ ಕಹಿ. ಇಂದಿನ ತಿಳಿ ಲಾಗರ್‌ಗಳಲ್ಲಿ ಬಹುಪಾಲು ಇದರ ಸಂತಾನ. ಆ ಕಹಿಯನ್ನು ಮಾತ್ರ ಹೆಚ್ಚಿನವು ಕಳೆದುಕೊಂಡಿವೆ.

ಮ್ಯೂನಿಕ್‌ನಿಂದ ಉತ್ತರ ಬಂದದ್ದು ಅರ್ಧ ಶತಮಾನ ತಡವಾಗಿ: 1894ರಲ್ಲಿ ಸ್ಪಾಟನ್ ಬ್ರೂವರಿ ಕಹಿ ತಗ್ಗಿಸಿ, ಮಾಲ್ಟಿನ ಮೃದು ಸಿಹಿ ಉಳಿಸಿದ ಹೆಲ್ಲೆಸ್ ತಂದಿತು. ಬಾಕ್ ಎಂಬ ಗಟ್ಟಿ ಬಗೆಯ ಹೆಸರು ಐನ್‌ಬೆಕ್ ಊರಿನದು. ಬವೇರಿಯದವರ ಉಚ್ಚಾರದಲ್ಲಿ ಅದು ‘ಒಂದು ಹೋತ’ ಎಂದು ಕೇಳಿಸಿ, ಲೇಬಲ್‌ಗಳ ಮೇಲೆ ಹೋತ ಬಂದು ನಿಂತಿತು. ಇನ್ನೂ ಗಟ್ಟಿಯಾದ ಡೊಪ್ಪೆಲ್‌ಬಾಕ್ ಪೌಲಾನರ್ ಸನ್ಯಾಸಿಗಳ ಸಾಲ್ವಟೋರ್‌ನಿಂದ ಬೆಳೆದದ್ದು. ಕಪ್ಪು ಶ್ವಾರ್ಟ್ಸ್‌ಬಿಯರ್, ಸೌದೆಯ ಹೊಗೆಯಲ್ಲಿ ಮಾಲ್ಟ್ ಒಣಗಿಸಿ ಮಾಡುವ ಬಾಂಬರ್ಗ್‌ನ ರೌಖ್‌ಬಿಯರ್ ಕೂಡ ಈ ಕುಟುಂಬದವೇ.

ಲಾಗರ್ ಲೋಕಕ್ಕೆಲ್ಲ ಹರಡಲು ಮುಖ್ಯವಾಗಿ ಎರಡು ಕಾರಣ. 1870ರ ದಶಕದಲ್ಲಿ ಕಾರ್ಲ್ ಫಾನ್ ಲಿಂಡೆಯ ಶೈತ್ಯಯಂತ್ರ ಚಳಿಗಾಲದ ಹಂಗನ್ನು ತಪ್ಪಿಸಿತು. 1883ರಲ್ಲಿ ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿ ಎಮಿಲ್ ಕ್ರಿಶ್ಚಿಯನ್ ಹ್ಯಾನ್ಸನ್ ಒಂದೇ ಕೋಶದಿಂದ ಶುದ್ಧ ಯೀಸ್ಟ್ ಬೆಳೆಸಿದ; ಒಡೆಯ ಜೇಕಬ್‌ಸನ್ ಅದನ್ನು ಮುಚ್ಚಿಡದೆ ಇತರ ಬ್ರೂವರಿಗಳಿಗೂ ಹಂಚಿದ. ಅಮೆರಿಕಕ್ಕೆ ಹೋದ ಜರ್ಮನ್ ವಲಸಿಗರು ಅಲ್ಲಿನ ಪ್ರೋಟೀನ್ ಹೆಚ್ಚಿರುವ ಬಾರ್ಲಿಯನ್ನು ಹದಕ್ಕೆ ತರಲು ಅಕ್ಕಿ, ಮೆಕ್ಕೆಜೋಳ ಬೆರೆಸಿದರು. 1876ರ ಬಡ್‌ವೈಸರ್ ಆ ಹಗುರ ಬಗೆಯದು.

ಬೆಂಗಳೂರಿಗೂ ಈ ಕಥೆಯಲ್ಲಿ ಪಾಲಿದೆ. ಸ್ಕಾಟ್ಲೆಂಡಿನ ಥಾಮಸ್ ಲೀಶ್‌ಮನ್ 1915ರಲ್ಲಿ ದಕ್ಷಿಣ ಭಾರತದ ಐದು ಬ್ರೂವರಿಗಳನ್ನು ಸೇರಿಸಿ ಯುನೈಟೆಡ್ ಬ್ರೂವರೀಸ್ ಸ್ಥಾಪಿಸಿದ. ಇಂದು ಅದರ ಕೇಂದ್ರ ಬೆಂಗಳೂರು. ಅದರ ಕಿಂಗ್‌ಫಿಷರ್ ತಿಳಿ ಲಾಗರ್. ಭಾರತದಲ್ಲಿ ಹೆಚ್ಚು ಮಾರಾಟವಾಗುವ, ಲೇಬಲ್ ಮೇಲೆ ‘ಸ್ಟ್ರಾಂಗ್’ ಎಂದಿರುವ ಬಿಯರ್‌ಗಳೂ ಬಹುತೇಕ ಲಾಗರ್‌ಗಳೇ.