ಸೂಜಿಮೊನೆಯ ಕೊಲೆ

ಕೊಲೆಯ ಪತ್ತೆಯೆಂದೊಡನೆ ನಿಮ್ಮ ಕಣ್ಣಮುಂದೆ ಬರುವುದೇನು? ರಕ್ತದ ಕಲೆ, ಚೂರಿ, ಹೆಜ್ಜೆಯ ಗುರುತು, ಬೆರಳಚ್ಚು. ಇವೊಂದೂ ಇಲ್ಲದ ಕೊಲೆಯನ್ನು 1934ರಲ್ಲಿ ಕಲ್ಕತ್ತೆಯ ಪೋಲೀಸರು ಭೇದಿಸಬೇಕಾಯಿತು.

ಇಂದಿನ ಜಾರ್ಖಂಡದ ಪಾಕೂರು ಆಗ ಬಿಹಾರಕ್ಕೆ ಸೇರಿದ ದೊಡ್ಡ ಜಮೀನ್ದಾರಿ. ಅದಕ್ಕೆ ಒಡೆಯರು ಇಬ್ಬರು ಮಲಸಹೋದರರು: ಹಿರಿಯ ವಿನಯೇಂದ್ರ, ಕಿರಿಯ ಅಮರೇಂದ್ರ. ಕಿರಿಯವನು ಪ್ರಾಯಕ್ಕೆ ಬಂದು ತನ್ನ ಪಾಲನ್ನು ಕೇಳಿದ. ಮುಂದಿನದನ್ನು ಕುಮಾರವ್ಯಾಸನ ನಾಡಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

1933ರ ನವೆಂಬರ್ 26. ಅಮರೇಂದ್ರ ಬಂಧುಗಳೊಡನೆ ಊರಿಗೆ ಹೊರಟು ಹೌರಾ ನಿಲ್ದಾಣಕ್ಕೆ ಬಂದಿದ್ದ. ಜನಜಂಗುಳಿಯಲ್ಲಿ ಖಾದಿ ತೊಟ್ಟ ಯಾವನೋ ಒಬ್ಬ ಅವನಿಗೆ ಒರಸಿಕೊಂಡು ಹೋದ. ತೋಳಿಗೆ ಏನೋ ಚುಚ್ಚಿದಂತಾಯಿತು. ಬಂಧುಗಳು ಗಾಬರಿಗೊಂಡರು. ಬೀಳ್ಕೊಡಲು ಬಂದಿದ್ದ ಅಣ್ಣನೋ, ಇದೊಂದು ದೊಡ್ಡ ಸಂಗತಿಯೇ ಎಂದು ತಮ್ಮನನ್ನು ರೈಲು ಹತ್ತಿಸಿದ. ಕೆಲವೇ ದಿನಗಳಲ್ಲಿ ಜ್ವರ ಏರಿತು. ಡಿಸೆಂಬರ್ 4ರಂದು ಅಮರೇಂದ್ರ ತೀರಿಕೊಂಡ. ದೇಹವನ್ನು ದಹನ ಮಾಡಿದರು. ಆಯುಧವಿಲ್ಲ, ಸಾಕ್ಷಿಯಿಲ್ಲ, ಈಗ ಶವವೂ ಇಲ್ಲ!

ಆದರೆ ಸಾಯುವ ಮುನ್ನ ವೈದ್ಯರು ತುಸು ರಕ್ತವನ್ನು ಪರೀಕ್ಷೆಗೆ ತೆಗೆದಿದ್ದರು. ಫಲಿತಾಂಶ ಹೊರಬಿದ್ದದ್ದು ಮರಣಾನಂತರ. ಅದರಲ್ಲಿದ್ದುದು ಪ್ಲೇಗಿನ ರೋಗಾಣು.

ಪ್ಲೇಗೆಂದರೇನೆಂದು ನಮ್ಮ ಹಿರಿಯರು ಬಲ್ಲರು. 1898ರಲ್ಲಿ ಅದು ಬೆಂಗಳೂರನ್ನು ಹೊಕ್ಕಾಗ ಜನ ಮನೆಮಠ ಬಿಟ್ಟು ಬಯಲಲ್ಲಿ ಗುಡಿಸಲು ಹಾಕಿಕೊಂಡರು. ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳು ಬೆಳೆದದ್ದೂ ಆ ಪಿಡುಗಿನ ಬೆನ್ನಲ್ಲಿಯೇ. ಮೊದಲು ಇಲಿ ಬೀಳಬೇಕು, ಇಲಿಯ ಚಿಗಟ ಮನುಷ್ಯನನ್ನು ಕಚ್ಚಬೇಕು. ಒಂದು ಮನೆಗೆ ಬಂದರೆ ಕೇರಿಯನ್ನೇ ಹಿಡಿಯಬೇಕು. ಇಲ್ಲಿ ಇಲಿ ಬಿದ್ದಿರಲಿಲ್ಲ. ಜೊತೆಯಲ್ಲಿದ್ದ ಯಾರಿಗೂ ಜ್ವರವಿಲ್ಲ. ಪಾಂಡೆ ಮನೆತನದ ಒಬ್ಬನನ್ನು ಮಾತ್ರ ಆರಿಸಿಕೊಂಡು ಬಂದ ಪ್ಲೇಗು ಇದು!

ಮನೆಯವರ ದೂರಿನ ಮೇಲೆ ತನಿಖೆ ಆರಂಭವಾಯಿತು. ಚುಚ್ಚಿದವನಾರು ಎಂಬುದಕ್ಕೆ ಉತ್ತರ ಸಿಗಲಿಲ್ಲ. ಆದರೆ ರೋಗಾಣು ಬಂದದ್ದೆಲ್ಲಿಂದ ಎಂಬ ಇನ್ನೊಂದು ಪ್ರಶ್ನೆಯಿತ್ತಲ್ಲ! ನನಗೆ ಇಡೀ ಪ್ರಕರಣದ ಸ್ವಾರಸ್ಯ ಕಾಣುವುದು ಇಲ್ಲಿಯೇ. ಕುಡುಗೋಲು ಯಾರ ಹಿತ್ತಿಲಲ್ಲಾದರೂ ಸಿಗುತ್ತದೆ. ಜೀವಂತ ಪ್ಲೇಗು ಸಿಗುವ ಮನೆಗಳು ಬೆರಳೆಣಿಕೆಯವು. ಕೊಲೆಗಾರನ ಅತಿ ಜಾಣತನವೇ ಹುಡುಕುವ ದಾರಿಯನ್ನು ಕಿರಿದು ಮಾಡಿತ್ತು.

ಆ ದಾರಿ ಮುಂಬಯಿಗೆ ಹೋಯಿತು. ಅಲ್ಲಿನ ಹಾಫ್‌ಕಿನ್ ಸಂಸ್ಥೆ ಪ್ಲೇಗಿನ ಲಸಿಕೆಗೆ ಹೆಸರಾದದ್ದು. ಕಲ್ಕತ್ತೆಯ ವೈದ್ಯ ತಾರಾನಾಥ ಭಟ್ಟಾಚಾರ್ಯ ಎಂಬಾತ 1932ರಲ್ಲಿ ರೋಗಾಣು ಬೇಕೆಂದು ಆ ಸಂಸ್ಥೆಗೆ ತಂತಿ ಕಳುಹಿಸಿದ್ದ; ಅವರು ಕೊಟ್ಟಿರಲಿಲ್ಲ. ಆಮೇಲೆ ಪ್ಲೇಗಿಗೆ ತಾನೊಂದು ಮದ್ದು ಕಂಡುಹಿಡಿದಿರುವುದಾಗಿಯೂ ಅದನ್ನು ಪರೀಕ್ಷಿಸಬೇಕೆಂದೂ ಹೇಳಿಕೊಂಡ. 1933ರ ಜುಲೈಯಲ್ಲಿ ಆರ್ಥರ್ ರಸ್ತೆಯ ಸಾಂಕ್ರಾಮಿಕ ರೋಗಗಳ ಆಸ್ಪತ್ರೆಯಲ್ಲಿ ಅವಕಾಶ ದೊರೆಯಿತು. ಅದಕ್ಕಾಗಿ ಮುಂಬಯಿಯಲ್ಲಿ ಓಡಾಡಿದವನು ವಿನಯೇಂದ್ರನೇ. ಇಲಿಗಳ ಮೇಲೆ ಕೆಲವು ದಿನ ಪ್ರಯೋಗ ನಡೆಸಿ, ತಾರಾನಾಥ ಕೆಲಸವನ್ನು ಅರ್ಧಕ್ಕೇ ಬಿಟ್ಟು ಕಲ್ಕತ್ತೆಗೆ ಮರಳಿದ. ಇಲಿಗೆ ಮದ್ದು ಹುಡುಕುವ ವಿಜ್ಞಾನಿಗೆ ಜಮೀನ್ದಾರನ ಸಂಗವೇಕೆ? ತಂತಿಯ ನಕಲುಗಳು, ಕಾಗದಪತ್ರಗಳು, ಹೋಟೆಲಿನ ದಾಖಲೆಗಳು ಒಂದೊಂದಾಗಿ ಬಾಯಿಬಿಟ್ಟವು.

ಹಿಂದಿನ ಸಂಗತಿಯೊಂದಕ್ಕೂ ಆಗ ಅರ್ಥ ಬಂತು. 1932ರಲ್ಲಿ ದೇವಘರದಲ್ಲಿ ಅಣ್ಣ ಪ್ರೀತಿಯಿಂದ ತಂದ ಕನ್ನಡಕವನ್ನು ತಮ್ಮನ ಮೂಗಿಗೆ ಒತ್ತಿ ಕೂರಿಸಿದ್ದ; ಚರ್ಮ ತರಚಿತ್ತು. ಬೆನ್ನಲ್ಲೇ ಧನುರ್ವಾಯು! ಅಮರೇಂದ್ರ ಆ ಸಲ ಹೇಗೋ ಬದುಕಿಕೊಂಡಿದ್ದ.

1935ರಲ್ಲಿ ಸೆಷನ್ಸ್ ನ್ಯಾಯಾಲಯ ವಿನಯೇಂದ್ರನಿಗೂ ತಾರಾನಾಥನಿಗೂ ಮರಣದಂಡನೆ ವಿಧಿಸಿತು. ಆಪಾದಿತರಾಗಿದ್ದ ಇನ್ನಿಬ್ಬರು ವೈದ್ಯರು ಬಿಡುಗಡೆಯಾದರು. 1936ರಲ್ಲಿ ಕಲ್ಕತ್ತಾ ಹೈಕೋರ್ಟು ಮರಣದಂಡನೆಯನ್ನು ಜೀವಾವಧಿ ಕರಿನೀರಿನ ಶಿಕ್ಷೆಗೆ ಇಳಿಸಿತು. ಹೌರಾದ ಗುಂಪಿನಲ್ಲಿ ಸೂಜಿ ಹಿಡಿದು ಬಂದ ಖಾದಿಯ ಮನುಷ್ಯ ಮಾತ್ರ ಯಾರೆಂಬುದು ಕಡೆಗೂ ತಿಳಿಯಲಿಲ್ಲ.