ತಲೆಪೆಟ್ಟು ಮತ್ತು ಮಿದುಳಿನ ಕಾವಲುಗಾರರು

ಹಾನಗಲ್ಲಿನ ತಾರಕೇಶ್ವರ ದೇವಾಲಯಕ್ಕೆ ಹೋದವರು ಕಮಲದಂತೆ ಅರಳಿದ ಅದರ ಭುವನೇಶ್ವರಿಯನ್ನು ಕತ್ತೆತ್ತಿ ನೋಡುತ್ತಾರೆ. ಹೊರಗಿನ ವೀರಗಲ್ಲುಗಳ ಮುಂದೆ ನಿಲ್ಲುವವರು ಕಡಿಮೆ. ಕೆಳಗೆ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವಸಾನ್ನಿಧ್ಯ. ವೀರಗಲ್ಲು ಸಾಮಾನ್ಯವಾಗಿ ಹೇಳುವ ಕಥೆ ಇಷ್ಟೆ. 1196ರಲ್ಲಿ ಹೊಯ್ಸಳ ಇಮ್ಮಡಿ ಬಲ್ಲಾಳ ಹಾನಗಲ್ಲಿಗೆ ಮುತ್ತಿಗೆ ಹಾಕಿದಾಗ, 1786ರಲ್ಲಿ ಟಿಪ್ಪುವಿನ ಸೈನ್ಯವೂ ಮರಾಠರೂ ಸವಣೂರಿನ ಬಳಿ ಕಾದಾಡಿದಾಗ, ತಲೆಗೆ ಏಟು ತಿಂದರೂ ಬದುಕಿ ಮನೆಗೆ ಮರಳಿದವರು ಇದ್ದಿರಲೇಬೇಕು. ಅವರಿಗೆ ಯಾರೂ ಕಲ್ಲು ನಿಲ್ಲಿಸಲಿಲ್ಲ.

ಈಗ ಈ ಸೀಮೆಯಲ್ಲಿ ಯುದ್ಧವಿಲ್ಲ, ತಲೆಪೆಟ್ಟು ಮಾತ್ರ ಉಳಿದಿದೆ. ಶಿಗ್ಗಾವಿ ತಾಲ್ಲೂಕನ್ನು ಸೀಳಿಕೊಂಡು ಪುಣೆ-ಬೆಂಗಳೂರು ಹೆದ್ದಾರಿ ಹೋಗುತ್ತದೆ. ದೀಪಾವಳಿ ಕಳೆಯುತ್ತಲೇ ಹಾನಗಲ್ಲು, ಹಿರೇಕೆರೂರು ಕಡೆಯ ಹಳ್ಳಿಗಳಲ್ಲಿ ಕೊಬ್ಬರಿ ಹೋರಿ ಬೆದರಿಸುವ ಸಂಭ್ರಮ. ಕೊಬ್ಬರಿ ಹರಿಯಲು ನುಗ್ಗಿದ ಹುಡುಗರು ನೆಲಕ್ಕುರುಳುವುದೂ ಉಂಟು. ಗಾಯಾಳುವನ್ನು ಹಾವೇರಿಗೆ, ಅಲ್ಲಿಂದ ಹುಬ್ಬಳ್ಳಿಗೆ ಒಯ್ಯುತ್ತಾರೆ. ಹೊಲಿಗೆ ಬಿಚ್ಚಿಸಿಕೊಂಡು ನಡೆದೇ ಮನೆಗೆ ಬಂದವನು ಕೆಲವು ತಿಂಗಳಲ್ಲಿ ಮರೆಗುಳಿಯಾಗುತ್ತಾನೆ, ಸಣ್ಣದಕ್ಕೂ ಸಿಡುಕುತ್ತಾನೆ, ಹೊಲದ ಕೆಲಸವನ್ನು ಅರ್ಧಕ್ಕೇ ಬಿಟ್ಟು ಬರುತ್ತಾನೆ. ಗಾಳಿ ಸೋಕಿತು ಎನ್ನುವವರಿದ್ದಾರೆ. ಮೈಗಳ್ಳನಾದ ಎನ್ನುವವರು ಇನ್ನೂ ಹೆಚ್ಚು. ಎರಡೂ ತಪ್ಪು. ಕಾರಣದ ಒಂದು ಭಾಗ ಮಿದುಳಿನೊಳಗಿನ ಕಾವಲು ಪಡೆಯಲ್ಲಿದೆ. ಆ ಪಡೆಯನ್ನು ಗುರುತಿಸಿದ ಚರಿತ್ರೆ ದೂರದ ಸ್ಪೇನಿನದು.

ನರಕೋಶಗಳ ರಚನೆಯನ್ನು ಬಿಡಿಸಿ ತೋರಿಸಿ 1906ರಲ್ಲಿ ನೊಬೆಲ್ ಪಡೆದ ಕಹಾಲ್, ಮ್ಯಾಡ್ರಿಡ್‌ನಲ್ಲಿದ್ದರು. ನರಕೋಶ, ಅದಕ್ಕೆ ಆಸರೆಯಾದ ನಕ್ಷತ್ರಾಕಾರದ ಕೋಶ, ಇವೆರಡೂ ಅಲ್ಲದ್ದನ್ನೆಲ್ಲ ಅವರು 'ಮೂರನೆಯ ಘಟಕ' ಎಂದು ಕರೆದು ಬಿಟ್ಟಿದ್ದರು. ಅವರ ಬಳಿ ಕೆಲಸ ಮಾಡುತ್ತಿದ್ದ ಪಿಯೊ ದೆಲ್ ರಿಯೊ ಓರ್ತೆಗಾ ಬೆಳ್ಳಿಯ ಕಾರ್ಬೊನೇಟಿನಿಂದ ಬಣ್ಣ ಕಟ್ಟುವ ವಿಧಾನ ಕಂಡುಹಿಡಿದು, 1919ರಲ್ಲಿ ಆ ಗುಂಪಿನೊಳಗಿಂದ ಪುಟ್ಟ ಕವಲುಗಳ ಕೋಶವೊಂದನ್ನು ಬೇರ್ಪಡಿಸಿ ತೋರಿಸಿದರು. ಅದೇ ಮೈಕ್ರೋಗ್ಲಿಯಾ. ಗಾಯವಾದಲ್ಲಿಗೆ ಅದು ಸರಿದು ಹೋಗಿ ಹಾಳಾದ ಕೋಶಗಳನ್ನು ನುಂಗುತ್ತದೆ ಎಂಬುದನ್ನೂ ಗುರುತಿಸಿದರು. ಗುರುವಿಗೂ ಶಿಷ್ಯನಿಗೂ ಮನಸ್ತಾಪವಾಗಿ ಮರುವರ್ಷವೇ ಓರ್ತೆಗಾ ಆ ಪ್ರಯೋಗಾಲಯದಿಂದ ಹೊರಬೀಳಬೇಕಾಯಿತು. ದೊಡ್ಡವರ ಮನೆಯ ಜಗಳ ಎಲ್ಲ ಕಡೆಯೂ ಒಂದೇ. ಸ್ಪೇನಿನ ಅಂತರ್ಯುದ್ಧ ಅವರನ್ನು ದೇಶದಿಂದಲೇ ಓಡಿಸಿತು. 1945ರಲ್ಲಿ ಬ್ಯೂನಸ್ ಐರಿಸ್‌ನಲ್ಲಿ ತೀರಿಕೊಂಡರು.

ಅವರಿಂದ ಬಣ್ಣ ಕಟ್ಟುವ ವಿದ್ಯೆ ಕಲಿಯಲು 1924ರಲ್ಲಿ ಮ್ಯಾಡ್ರಿಡ್‌ಗೆ ಹೋದವರಲ್ಲಿ ವೈಲ್ಡರ್ ಪೆನ್‌ಫೀಲ್ಡ್ ಒಬ್ಬರು. ಅವರು ಮುಂದೆ ಮಾಂಟ್ರಿಯಲ್‌ನಲ್ಲಿ ಕಟ್ಟಿದ ಸಂಸ್ಥೆಯಲ್ಲಿ ತರಬೇತಾದ ಜೇಕಬ್ ಚಾಂಡಿ 1949ರಲ್ಲಿ ವೆಲ್ಲೂರಿನಲ್ಲಿ ಭಾರತದ ಮೊದಲ ನರಶಸ್ತ್ರಚಿಕಿತ್ಸಾ ವಿಭಾಗ ತೆರೆದರು.

ಮೈಕ್ರೋಗ್ಲಿಯಾ ಸುಮ್ಮನೆ ಕುಳಿತು ಕಾಯುತ್ತದೆ ಎಂದೇ ಬಹುಕಾಲ ತಿಳಿಯಲಾಗಿತ್ತು. 2005ರಲ್ಲಿ ಜೀವಂತ ಇಲಿಯ ಮಿದುಳನ್ನು ವಿಶೇಷ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ, ಅದರ ಕವಲುಗಳು ಒಂದು ಗಳಿಗೆಯೂ ಬಿಡುವಿಲ್ಲದೆ ಸುತ್ತಲನ್ನು ತಡವುತ್ತಿದ್ದುದು ಕಂಡಿತು. ಲೇಸರಿನಿಂದ ಚಿಕ್ಕ ಗಾಯ ಮಾಡಿದರೆ ಕೆಲವೇ ನಿಮಿಷಗಳಲ್ಲಿ ಕವಲುಗಳೆಲ್ಲ ಅತ್ತ ಚಾಚಿ ಗಾಯಕ್ಕೆ ಬೇಲಿ ಕಟ್ಟಿದವು. ಹೊಲಕ್ಕೆ ದನ ನುಗ್ಗಿದಾಗ ಓಡಿಬರುವ ಊರವರಂತೆ. ಜೊತೆಗೆ ಅವು ಉರಿಯೂತದ ರಾಸಾಯನಿಕಗಳನ್ನು ಸುರಿಸಿ ಬೇರೆ ಕೋಶಗಳನ್ನೂ ಎಚ್ಚರಿಸುತ್ತವೆ. ಇಲ್ಲಿಯವರೆಗೆ ಎಲ್ಲವೂ ಉಪಕಾರವೇ.

ತೊಂದರೆ ಇರುವುದು ಈ ಕೂಗು ನಿಲ್ಲದಿದ್ದಾಗ. 2011ರಲ್ಲಿ ಲಂಡನ್ನಿನ ಸಂಶೋಧಕರು 10 ಮಂದಿಯ ಮಿದುಳನ್ನು ಸ್ಕ್ಯಾನ್ ಮಾಡಿದರು. ಅವರಲ್ಲಿ ಕೆಲವರಿಗೆ ಪೆಟ್ಟು ಬಿದ್ದು 17 ವರ್ಷಗಳವರೆಗೂ ಆಗಿತ್ತು. ಆದರೂ ಮೈಕ್ರೋಗ್ಲಿಯಾ ಕೆರಳಿದ ಗುರುತುಗಳು ಪೆಟ್ಟು ಬಿದ್ದ ಜಾಗದಿಂದ ದೂರದಲ್ಲೂ ಕಂಡವು. 2013ರ ಇನ್ನೊಂದು ಅಧ್ಯಯನ, ಒಂದೇ ಒಂದು ಪೆಟ್ಟಿನ ನಂತರ ವರ್ಷಕ್ಕೂ ಹೆಚ್ಚು ಬದುಕಿದ್ದವರ ಮಿದುಳುಗಳಲ್ಲಿ ಶೇ 28ರಷ್ಟರಲ್ಲಿ ಇಂಥದ್ದನ್ನೇ ಕಂಡಿತು. ಹೊರಗಿನ ಗಾಯ ಮಾಸಿದ್ದರೂ ಒಳಗೆ ಬೆಂಕಿ ಆರಿರಲಿಲ್ಲ.

ಹಾಗಾದರೆ ಔಷಧ ಕೊಟ್ಟು ಉರಿ ಅಡಗಿಸಬಾರದೆ? ತಲೆಪೆಟ್ಟಿಗೆ ಸ್ಟೀರಾಯ್ಡ್ ಚುಚ್ಚುವುದು ದಶಕಗಳ ಕಾಲ ರೂಢಿಯಲ್ಲಿತ್ತು. ಹತ್ತು ಸಾವಿರಕ್ಕೂ ಹೆಚ್ಚು ಗಾಯಾಳುಗಳ ಮೇಲೆ ನಡೆದ ದೊಡ್ಡ ಪರೀಕ್ಷೆ 2004ರಲ್ಲಿ ಹೊರಗೆಡವಿದ್ದು ಬೇರೆಯೇ ಸಂಗತಿ: ಸ್ಟೀರಾಯ್ಡ್ ಪಡೆದವರಲ್ಲಿ ಎರಡು ವಾರದೊಳಗೆ ಸತ್ತವರು ಶೇ 21, ಪಡೆಯದವರಲ್ಲಿ ಶೇ 18. 2018ರಲ್ಲಿ ಮಿನೊಸೈಕ್ಲಿನ್ ಎಂಬ ಹಳೆಯ ಔಷಧ ಮೈಕ್ರೋಗ್ಲಿಯಾವನ್ನು ತಣಿಸಿತೇನೋ ನಿಜ, ಆದರೆ ನರಕೋಶಗಳು ನಶಿಸುವುದನ್ನು ಸೂಚಿಸುವ ವಸ್ತು ರಕ್ತದಲ್ಲಿ ಹೆಚ್ಚಿತು. ಕಾವಲುಗಾರನ ಬಾಯಿ ಕಟ್ಟಿದರೆ ಮನೆಗೇ ಕೇಡು. ಎಂದು, ಎಷ್ಟು, ಎಲ್ಲಿ ತಡೆಯಬೇಕೆಂಬುದೇ ಈಗಿನ ಪ್ರಶ್ನೆ.

ಅದಕ್ಕೆ ಮನುಷ್ಯರ ಮಿದುಳನ್ನೇ ಪರೀಕ್ಷಿಸಬೇಕಾಗುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 1995ರಲ್ಲಿ ಡಾ. ಎಸ್.ಕೆ. ಶಂಕರ್ ಅವರ ಮುತುವರ್ಜಿಯಿಂದ ಮಿದುಳು ಬ್ಯಾಂಕ್ ಆರಂಭವಾಯಿತು. ಸತ್ತವರ ಬಂಧುಗಳು ಒಪ್ಪಿದರೆ ಮಾತ್ರ ಅಲ್ಲಿ ಅಂಗಾಂಶ ಸಂಗ್ರಹಿಸುತ್ತಾರೆ.

ಬದುಕುಳಿದವರಿಗೆ ಸಂಬಂಧಿಸಿದ್ದು ಇನ್ನೊಂದಿದೆ. ಒಮ್ಮೆ ಕೆರಳಿದ ಮೈಕ್ರೋಗ್ಲಿಯಾ ಎರಡನೆಯ ಚಿಕ್ಕ ಪೆಟ್ಟಿಗೂ ಅತಿಯಾಗಿ ಉರಿದೇಳುವುದು ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಕಂಡಿದೆ. ಹೋರಿ ಹಬ್ಬ ಒಂದೇ ದಿನಕ್ಕೆ ಮುಗಿಯುವುದಿಲ್ಲ, ಊರಿಂದೂರಿಗೆ ಸಾಗುತ್ತದೆ. ಒಂದು ಊರಿನಲ್ಲಿ ಬಿದ್ದು ಗಳಿಗೆ ಹೊತ್ತು ಪ್ರಜ್ಞೆ ತಪ್ಪಿದ ಹುಡುಗ, ತಲೆ ಸಿಡಿಯುತ್ತಿದ್ದರೂ ಮರುವಾರ ಮತ್ತೊಂದು ಊರಿನ ಅಖಾಡದಲ್ಲಿ ನಿಂತಿದ್ದರೆ, ಅವನನ್ನು ಕೈಹಿಡಿದು ಹೊರಗೆ ಕರೆತರುವ ಕೆಲಸ ಹಿರಿಯರದು.