ಚಳಿ ಸೀಮೆಯಲ್ಲಿ ಕರಿಬೇವು: ಮಲೆನಾಡಿನ ಅಂಗಳದಿಂದ ಲಂಡನ್ ಕಿಟಕಿವರೆಗೆ ಗೊತ್ತಿರಬೇಕಾದ ಸಂಗತಿಗಳು

ರಿಪ್ಪನ್‌ಪೇಟೆ: ರಜೆಗೆ ಬಂದ ಮಗಳು ಅಮೆರಿಕಕ್ಕೋ ಇಂಗ್ಲೆಂಡಿಗೋ ವಾಪಸ್ ಹೊರಟಾಗ ಅಮ್ಮನ ಕೈಯಿಂದ ಬ್ಯಾಗಿಗೆ ಇಳಿಯೋ ಸಾಮಾನು ಒಂದೆರಡಲ್ಲ. ಉಪ್ಪಿನಕಾಯಿ, ಚಟ್ನಿಪುಡಿ, ಹಪ್ಪಳ, ಸಂಡಿಗೆ. ಕೊನೆಗೆ ಹಿತ್ತಲಿಂದ ಕಿತ್ತು ತಂದ ಒಂದು ಹಿಡಿ ಕರಿಬೇವು. ಕೆಲವರು ಇನ್ನೂ ಮುಂದೆ ಹೋಗಿ, ಬುಡದ ಮರಿ ಸಸಿಯನ್ನೇ ಒದ್ದೆ ಬಟ್ಟೆಯಲ್ಲಿ ಸುತ್ತಿ ಬಟ್ಟೆಗಳ ಮಧ್ಯೆ ಇಟ್ಟು ಕಳಿಸ್ತಾರೆ. ಆ ಸಸಿ ವಿಮಾನ ನಿಲ್ದಾಣದಲ್ಲೇ ಸಿಕ್ಕಿಬಿದ್ದರೆ ಕಸದ ಬುಟ್ಟಿಗೆ ಹೋಗುತ್ತೆ. ಸಿಕ್ಕಿಬೀಳದೆ ಒಳಗೆ ಹೋದರೆ ಅದರಿಂದ ಆಗಬಹುದಾದ ಹಾನಿ ಅದಕ್ಕಿಂತ ದೊಡ್ಡದು.

ಇತ್ತ ಊರಲ್ಲೂ ಡಿಸೆಂಬರ್, ಜನವರಿ ಬಂತೆಂದರೆ ಅದೇ ಗಿಡ ಚಿಗುರು ನಿಲ್ಲಿಸಿ ಸುಮ್ಮನೆ ನಿಲ್ಲುತ್ತೆ. ತರಕಾರಿ ಜೊತೆ ಕೊಸರಾಗಿ ಕೊಡ್ತಿದ್ದ ಸೊಪ್ಪನ್ನು ಅಂಗಡಿಯವರು ಎಣಿಸಿ ಕೊಡೋ ಕಾಲ ಅದು. ಕರಿಬೇವಿಗೆ ಚಳಿ ಅಂದ್ರೆ ಯಾಕೆ ಆಗಲ್ಲ, ಮಲೆನಾಡಿನಲ್ಲಿ ಹೇಗೆ ಉಳಿಸಿಕೊಳ್ಳೋದು, ಹೊರದೇಶದಲ್ಲಿ ಇರುವವರು ಏನು ಮಾಡಬೇಕು ಅನ್ನೋದರ ವಿವರ ಇಲ್ಲಿದೆ.

ಯಾವ ಜಾತಿಯ ಮರ?

ಕರಿಬೇವಿಗೆ ಹೆಸರಲ್ಲಿ ಬೇವು ಇದ್ದರೂ ಬೇವಿನ ಕುಲಕ್ಕೂ ಅದಕ್ಕೂ ಸಂಬಂಧ ಇಲ್ಲ. ಇದು ನಿಂಬೆ, ಕಿತ್ತಳೆ, ಚಕ್ಕೋತ, ಹೇರಳೆಯ ಕುಟುಂಬಕ್ಕೆ ಸೇರಿದ್ದು. ಸಸ್ಯಶಾಸ್ತ್ರದಲ್ಲಿ ಮುರ್ರಾಯ ಕೊಯೆನಿಗಿ ಎಂದು ಹೆಸರು. ಲಿನೇಯಸ್‌ನ ಶಿಷ್ಯನಾಗಿ, ತಮಿಳುನಾಡಿನ ತರಂಗಂಬಾಡಿಯಲ್ಲಿದ್ದುಕೊಂಡು 18ನೇ ಶತಮಾನದಲ್ಲಿ ಇಲ್ಲಿನ ಗಿಡಗಳನ್ನು ಅಧ್ಯಯನ ಮಾಡಿದ ಯೋಹಾನ್ ಕೊಯೆನಿಗ್ ನೆನಪಿಗೆ ಇಟ್ಟ ಹೆಸರದು. ಈಚಿನ ಪುಸ್ತಕಗಳಲ್ಲಿ ಬರ್ಗೆರ ಕೊಯೆನಿಗಿ ಎಂದೂ ಬರೆಯುತ್ತಾರೆ.

ಪಶ್ಚಿಮ ಘಟ್ಟದ ಕಾಡಲ್ಲಿ ತಾನಾಗಿ ಬೆಳೆಯುವ ಕರಿಬೇವು ಈಗಲೂ ಇದೆ. ಚೆನ್ನಾಗಿ ಬೆಳೆದರೆ 4ರಿಂದ 6 ಮೀಟರ್ ಎತ್ತರದ ಸಣ್ಣ ಮರ ಆಗುತ್ತೆ. ನಮ್ಮಲ್ಲಿ ಸಾಮಾನ್ಯ ಸೊಪ್ಪು. ಆದರೆ ಹಿಮ ಬೀಳೋ ದೇಶದಲ್ಲಿ ಇದು ನಾಜೂಕಿನ ವಿದೇಶಿ ಮರ. ಕುಂಡದಲ್ಲಿಟ್ಟು ಮಗುವಿನ ಹಾಗೆ ನೋಡಿಕೊಂಡರಷ್ಟೇ ಉಳಿಯುತ್ತೆ.

ಚಳಿ ಯಾಕೆ ಆಗಲ್ಲ?

ಕರಿಬೇವಿಗೆ ಹಿತವಾದ ಬಿಸಿ ಸುಮಾರು 26ರಿಂದ 37 ಡಿಗ್ರಿ ಸೆಲ್ಸಿಯಸ್. ರಾತ್ರಿ ಉಷ್ಣಾಂಶ 15 ಡಿಗ್ರಿ ಆಸುಪಾಸು ಇಳಿದರೆ ಮೊಗ್ಗು ಒಡೆಯೋದು ನಿಧಾನ ಆಗುತ್ತೆ. 10ಕ್ಕಿಂತ ಕೆಳಗೆ ಹೋದರೆ ಎಲೆ ಹಳದಿಯಾಗಿ ಉದುರಲು ಶುರು. ಸೊನ್ನೆಗೆ ಇಳಿದು ಮಂಜುಗಡ್ಡೆ ಕಟ್ಟಿದರೆ ಎಳೆ ಗಿಡ ಬದುಕೋದು ಕಷ್ಟ.

ಆದರೆ ಬಹಳಷ್ಟು ಗಿಡ ಸಾಯೋದು ಬರೀ ಚಳಿಯಿಂದಲ್ಲ, ಚಳಿಯಲ್ಲಿ ಹಾಕುವ ನೀರಿನಿಂದ. ಚಿಗುರು ನಿಂತ ಗಿಡ ನೀರು ಕುಡಿಯೋದೂ ಕಡಿಮೆ. ಎಲೆ ಹಳದಿ ಆಯ್ತು, ನೀರು ಸಾಲದೇನೋ ಎಂದು ಮತ್ತೆ ಮತ್ತೆ ಹೊಯ್ದರೆ ತಣ್ಣನೆಯ ಮಣ್ಣಲ್ಲಿ ಬೇರು ಕೊಳೆಯುತ್ತೆ. ಇದು ರಿಪ್ಪನ್‌ಪೇಟೆಯ ಹಿತ್ತಲಿಗೂ ಲಂಡನ್ನಿನ ಅಡುಗೆಮನೆ ಕಿಟಕಿಗೂ ಒಂದೇ ಲೆಕ್ಕ.

ನಮ್ಮ ಮಲೆನಾಡಿನಲ್ಲಿ ಏನು ಮಾಡಬೇಕು?

ಇಲ್ಲಿ ಹಿಮ ಇಲ್ಲ. ಇಲ್ಲಿನ ತೊಂದರೆ ಎರಡು: ಮಳೆಗಾಲದ ಶೀತ, ಚಳಿಗಾಲದ ಇಬ್ಬನಿ. ಹೊಸನಗರದ ಹುಲಿಕಲ್, ಮಾಸ್ತಿಕಟ್ಟೆ ಕಡೆ, ತೀರ್ಥಹಳ್ಳಿಯ ಆಗುಂಬೆ ಕಡೆ ಮಳೆ ಜೋರು. ಅಲ್ಲಿ ಕರಿಬೇವು ಉಳಿಸೋದು ರಿಪ್ಪನ್‌ಪೇಟೆ, ಆನಂದಪುರ ಭಾಗಕ್ಕಿಂತ ಕಷ್ಟ.

ಜಾಗ: ಅಡಿಕೆ ತೋಟದ ನೆರಳಲ್ಲಿ ನೆಟ್ಟರೆ ಗಿಡ ಉದ್ದಕ್ಕೆ ಸಣಕಲಾಗಿ ಹೋಗುತ್ತೆ, ಸೊಪ್ಪು ಆಗಲ್ಲ. ದಿನಕ್ಕೆ ಐದಾರು ಗಂಟೆ ಬಿಸಿಲು ಬೀಳುವ ಕಡೆ ಬೇಕು. ಬಚ್ಚಲ ನೀರು ಹರಿಯುವ ಜಾಗದಲ್ಲಿ ನೆಡುವ ರೂಢಿ ಇದೆ. ಬೇಸಿಗೆಗೆ ಅದು ಸರಿ, ಮಳೆಗಾಲದಲ್ಲಿ ಅಲ್ಲೇ ನೀರು ನಿಂತರೆ ಗಿಡಕ್ಕೆ ಕುತ್ತು. ಒಂದು ಅಡಿ ಎತ್ತರದ ಮಣ್ಣಿನ ದಿಬ್ಬ ಮಾಡಿ ನೆಡೋದು ಒಳ್ಳೇದು.

ತಳಿ: ಧಾರವಾಡ ಕೃಷಿ ವಿಶ್ವವಿದ್ಯಾಲಯ ಡಿಡಬ್ಲ್ಯೂಡಿ-1, ಡಿಡಬ್ಲ್ಯೂಡಿ-2 ಎಂಬ ಎರಡು ತಳಿ ಬಿಡುಗಡೆ ಮಾಡಿದೆ. ಎರಡಕ್ಕೂ ಒಳ್ಳೆ ಪರಿಮಳ ಇದೆ. ಮೊದಲನೆಯದು ಚಳಿಗೆ ಸೂಕ್ಷ್ಮ, ಚಳಿಗಾಲದಲ್ಲಿ ಸರಿಯಾಗಿ ಮೊಗ್ಗು ಒಡೆಯಲ್ಲ. ಎರಡನೆಯದು ಚಳಿಯನ್ನು ಅಷ್ಟಾಗಿ ಲೆಕ್ಕಕ್ಕಿಡಲ್ಲ, ಇಳುವರಿಯೂ ಜಾಸ್ತಿ. ಸಸಿ ಕೊಳ್ಳುವಾಗ ಯಾವ ತಳಿ ಎಂದು ಕೇಳಿಯೇ ಕೊಳ್ಳಿ.

ಚಾಟನಿ: ಗಿಡ ಸೊಂಟದೆತ್ತರ, ಅಂದ್ರೆ ಸುಮಾರು 1 ಮೀಟರ್ ಆದಾಗ ತುದಿ ಚಿವುಟಬೇಕು. ಆಗ ಬುಡದಿಂದ ಐದಾರು ಕೊಂಬೆ ಹೊರಟು ಪೊದೆಯಾಗುತ್ತೆ. ಹಳೇ ಗಿಡ ಆದರೆ ಚಳಿ ಕಳೆದ ಮೇಲೆ, ಶಿವರಾತ್ರಿ ಆಸುಪಾಸು ಸವರಿ ಗೊಬ್ಬರ ಕೊಡಿ. ಮಳೆ ಹಿಡಿದ ಜುಲೈನಲ್ಲಿ ಕತ್ತಿ ಹಾಕಬೇಡಿ, ಗಾಯಕ್ಕೆ ಶಿಲೀಂಧ್ರ ತಗಲುತ್ತೆ.

ಗೊಬ್ಬರ: ಜೋರು ಮಳೆಗೆ ಮಣ್ಣಿನ ಸಾರ ತೊಳೆದು ಹೋಗಿರುತ್ತೆ. ಮಳೆ ಬಿಟ್ಟ ಮೇಲೆ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಕೊಟ್ಟು ಬುಡಕ್ಕೆ ಒಣ ತರಗು ಹೊದಿಸಿ. ಹುಳಿ ಮಜ್ಜಿಗೆ ಹಾಕುವವರು ನೀರು ಬೆರೆಸಿ ತೆಳ್ಳಗೆ ಮಾಡಿ ಹಾಕಿ. ಉಪ್ಪು ಹಾಕಿದ ಮಜ್ಜಿಗೆ ಮಾತ್ರ ಬೇಡವೇ ಬೇಡ.

ಕೀಟ: ಹಕ್ಕಿ ಹಿಕ್ಕೆಯ ಹಾಗೆ ಕಾಣುವ ಹುಳ ಎಲೆ ಮೇಲಿದ್ದರೆ ಅದು ನಿಂಬೆ ಚಿಟ್ಟೆಯ ಮರಿ. ದೊಡ್ಡದಾದರೆ ಹಸಿರು ಬಣ್ಣಕ್ಕೆ ತಿರುಗಿ ಒಂದೆರಡು ದಿನದಲ್ಲಿ ಎಳೆ ಗಿಡ ಬೋಳು ಮಾಡುತ್ತೆ. ಕೈಯಲ್ಲೇ ತೆಗೆದು ಹಾಕಿದರೆ ಸಾಕು. ಅಡುಗೆಗೆ ಕೀಳುವ ಗಿಡಕ್ಕೆ ವಿಷದ ಔಷಧಿ ಹೊಡೆಯಬೇಡಿ. ಚಿಗುರಿಗೆ ಮುತ್ತಿಕೊಳ್ಳುವ ಸಣ್ಣ ಕಂದು ಕೀಟ ಇನ್ನೊಂದಿದೆ. ಹೊರದೇಶಕ್ಕೆ ಗಿಡ ಹೋಗಬಾರದು ಅನ್ನೋದಕ್ಕೆ ಕಾರಣ ಅದೇ.

3 ಮಿಲಿಮೀಟರ್ ಕೀಟ, ಕೋಟಿಗಟ್ಟಲೆ ನಷ್ಟ

ಆ ಕೀಟದ ಹೆಸರು ಸಿಟ್ರಸ್ ಸಿಲ್ಲಾ. ಉದ್ದ 3-4 ಮಿಲಿಮೀಟರ್. ಎಲೆ ಮೇಲೆ ತಲೆ ತಗ್ಗಿಸಿ, ಹಿಂಭಾಗ ಮೇಲೆತ್ತಿ ಕೂರುತ್ತೆ. ಎಳೆ ಚಿಗುರಲ್ಲಿ ಹಳದಿ ಮೊಟ್ಟೆ ಇಡುತ್ತೆ. ಕರಿಬೇವಿಗೆ ಇದರಿಂದ ಚಿಗುರು ಸುರುಟೋದು ಬಿಟ್ಟರೆ ದೊಡ್ಡ ಅಪಾಯ ಇಲ್ಲ. ಆದರೆ ಇದೇ ಕೀಟ ನಿಂಬೆ, ಕಿತ್ತಳೆ ಗಿಡಕ್ಕೆ ಹಾರಿ ಗ್ರೀನಿಂಗ್ ಎಂಬ ರೋಗದ ಬ್ಯಾಕ್ಟೀರಿಯಾ ಹರಡುತ್ತೆ. ರೋಗ ಬಂದ ಮರಕ್ಕೆ ಪೂರ್ತಿ ವಾಸಿ ಮಾಡುವ ಔಷಧಿ ಇಲ್ಲ. ಎಲೆ ಮಚ್ಚೆ ಮಚ್ಚೆಯಾಗಿ ಹಳದಿಯಾಗುತ್ತೆ, ಕಾಯಿ ಓರೆಯಾಗಿ ಕಹಿಯಾಗುತ್ತೆ, ವರ್ಷಗಳಲ್ಲಿ ಮರ ಒಣಗುತ್ತೆ.

ಇದು ಎಲ್ಲೋ ದೂರದ ಕಥೆ ಅಲ್ಲ. 2006ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಕೊಡಗಿನ ಕಿತ್ತಳೆ ಇವತ್ತು ಅಪರೂಪ ಆಗಿರೋದಕ್ಕೆ ಮುಖ್ಯ ಕಾರಣಗಳಲ್ಲಿ ಈ ರೋಗವೂ ಒಂದು. ಅಮೆರಿಕದ ಫ್ಲೋರಿಡಾದಲ್ಲಿ ಕೀಟ ಕಾಣಿಸಿದ್ದು 1998ರಲ್ಲಿ, ರೋಗ ಖಚಿತ ಆಗಿದ್ದು 2005ರಲ್ಲಿ. ಅಲ್ಲಿ 2003-04ರಲ್ಲಿ ಸುಮಾರು 24 ಕೋಟಿ ಪೆಟ್ಟಿಗೆ ಕಿತ್ತಳೆ ಆಗ್ತಿತ್ತು. 2023-24ರ ಹೊತ್ತಿಗೆ 2 ಕೋಟಿ ಪೆಟ್ಟಿಗೆಗೂ ಕೆಳಗೆ ಬಂತು. ಚಂಡಮಾರುತಗಳ ಪೆಟ್ಟೂ ಅದರಲ್ಲಿ ಸೇರಿದೆ, ಆದರೆ ಬೆನ್ನು ಮುರಿದದ್ದು ಈ ರೋಗ. ಅಡಿಕೆಗೆ ಕೊಳೆ, ಎಲೆಚುಕ್ಕಿ ಬಂದಾಗ ಏನಾಗುತ್ತೆ ಎಂದು ಗೊತ್ತಿರುವ ಮಲೆನಾಡಿನವರಿಗೆ ಆ ರೈತರ ಪಾಡು ಬಿಡಿಸಿ ಹೇಳಬೇಕಿಲ್ಲ.

ಏನು ಕಳಿಸಬಹುದು, ಏನು ಕಳಿಸಬಾರದು?

ಹಸಿ ಎಲೆ: ಅಮೆರಿಕಕ್ಕೆ ಪ್ರಯಾಣಿಕರು ಹಸಿ ಕರಿಬೇವು ಒಯ್ಯುವಂತಿಲ್ಲ. ಯುರೋಪ್ ಒಕ್ಕೂಟಕ್ಕೆ 2019ರ ಡಿಸೆಂಬರ್ 14ರಿಂದ ಬಹುತೇಕ ಎಲ್ಲಾ ಹಸಿ ಸಸ್ಯವಸ್ತುಗಳಿಗೂ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. ಅನಾನಸ್, ತೆಂಗಿನಕಾಯಿ, ದುರಿಯನ್, ಬಾಳೆಹಣ್ಣು, ಖರ್ಜೂರ, ಈ ಐದಕ್ಕೆ ಮಾತ್ರ ವಿನಾಯಿತಿ.

ಸಸಿ: ಪರವಾನಗಿ, ಪ್ರಮಾಣಪತ್ರ ಇಲ್ಲದೆ ಬೇರು, ಮಣ್ಣು ಸಮೇತ ಸಸಿ ಒಯ್ಯಬಾರದು. ಕೊರಿಯರ್‌ನಲ್ಲಿ ಕಳಿಸಿದರೂ ನಿಯಮ ಅದೇ.

ಬೀಜ: ಚಿಕ್ಕದು, ಯಾರಿಗೆ ಕಾಣುತ್ತೆ ಎಂದುಕೊಳ್ಳಬೇಡಿ. ಅದಕ್ಕೂ ಅನುಮತಿ ಬೇಕು. ಮೇಲಾಗಿ ಕರಿಬೇವಿನ ಬೀಜ ಒಣಗಿಸಿ ಇಡುವಂಥದ್ದಲ್ಲ. ಕಪ್ಪಾದ ಹಣ್ಣಿನ ತಿರುಳು ತೆಗೆದು ಕೂಡಲೇ ಬಿತ್ತಬೇಕು, ಕೆಲವೇ ವಾರದಲ್ಲಿ ಮೊಳಕೆ ಶಕ್ತಿ ಹೋಗಿಬಿಡುತ್ತೆ.

ಪುಡಿ: ಹುರಿದು ಮಾಡಿದ ಕರಿಬೇವಿನ ಚಟ್ನಿಪುಡಿ ಹಸಿ ಸೊಪ್ಪಿಗಿಂತ ಎಷ್ಟೋ ವಾಸಿ. ಆದರೂ ಇಳಿದ ಕೂಡಲೇ ಫಾರಂನಲ್ಲಿ ಆಹಾರ ಪದಾರ್ಥ ಇದೆ ಎಂದು ಬರೆಯಲೇಬೇಕು. ಬರೆದು ತೋರಿಸಿದರೆ ಹೆಚ್ಚೆಂದರೆ ತೆಗೆದಿಟ್ಟುಕೊಳ್ತಾರೆ. ಮುಚ್ಚಿಟ್ಟು ಸಿಕ್ಕಿದರೆ ದಂಡ ಬೀಳುತ್ತೆ. ಆಸ್ಟ್ರೇಲಿಯಾದಲ್ಲಂತೂ ತಪಾಸಣೆ ಬಲು ಬಿಗಿ.

ಪೊಟ್ಟಣ ಕಟ್ಟಿ ಮಾರುವ ಅಂಗಡಿಯವರು "ಫಾರಿನ್‌ಗೆ" ಎಂದು ಕೇಳಿ ಬಂದವರಿಗೆ ಇದೊಂದು ಮಾತು ಹೇಳಿದರೆ ಗಿರಾಕಿಗೂ ಉಪಕಾರ.

ಹಾಗಾದರೆ ಅಲ್ಲಿರುವವರು ಗಿಡ ಎಲ್ಲಿಂದ ತರೋದು?

ಆಯಾ ದೇಶದ ಪರವಾನಗಿ ಇರುವ ನರ್ಸರಿಯಿಂದಲೇ ಕೊಳ್ಳಬೇಕು. ಅಮೆರಿಕದೊಳಗೂ ಕೀಟ ಇರುವ ರಾಜ್ಯಗಳಿಂದ ಬೇರೆ ಕಡೆ ಒಯ್ಯೋದಕ್ಕೆ ನಿರ್ಬಂಧ ಇದೆ. ಕೊಳ್ಳುವಾಗ ಮೋಸ ಹೋಗಬೇಡಿ. ಯುರೋಪಿನ ನರ್ಸರಿಗಳಲ್ಲಿ "ಕರಿ ಪ್ಲಾಂಟ್" ಎಂದು ಬೂದು ಬಣ್ಣದ ಸೂಜಿ ಎಲೆಯ, ಹಳದಿ ಹೂವಿನ ಗಿಡ ಮಾರ್ತಾರೆ. ಅದು ಬೇರೆಯೇ ಜಾತಿ, ಒಗ್ಗರಣೆಗೆ ಬರಲ್ಲ. "ಕರಿ ಲೀಫ್" ಎಂದು ಕೇಳಿ, ಎಲೆ ಹಿಸುಕಿ ಮೂಸಿ ನೋಡಿ ತಗೊಳ್ಳಿ.

ಕುಂಡದಲ್ಲಿ ಸಾಕುವ ಕ್ರಮ

ಕುಂಡ: ಒಮ್ಮೆಲೇ ದೊಡ್ಡ ಕುಂಡ ಬೇಡ. ಬೇರು ತುಂಬಿದ ಹಾಗೆ ಒಂದೊಂದು ಅಳತೆ ದೊಡ್ಡದಕ್ಕೆ ಬದಲಿಸಿ. ತಳದಲ್ಲಿ ತೂತು ಇರಲೇಬೇಕು. ಮಣ್ಣಿಗೆ ದಪ್ಪ ಮರಳು ಅಥವಾ ಪರ್ಲೈಟ್ ಬೆರೆಸಿ ನೀರು ಬೇಗ ಇಳಿಯುವ ಹಾಗೆ ಮಾಡಿ.

ಒಳಗೆ ತರುವ ಹೊತ್ತು: ರಾತ್ರಿ ಉಷ್ಣಾಂಶ 10-12 ಡಿಗ್ರಿಗೆ ಬರುವ ಮೊದಲೇ ತರಬೇಕು. ಎಲೆ ಉದುರಿದ ಮೇಲೆ ತಂದು ಪ್ರಯೋಜನ ಇಲ್ಲ.

ಬೆಳಕು: ಡಿಸೆಂಬರ್‌ನಲ್ಲಿ ನಮ್ಮಲ್ಲಿ 11 ಗಂಟೆಗೂ ಹೆಚ್ಚು ಹಗಲು, ಲಂಡನ್ನಿನಲ್ಲಿ ಸುಮಾರು 8 ಗಂಟೆ. ಅದಕ್ಕೇ ದಕ್ಷಿಣ ದಿಕ್ಕಿನ ಕಿಟಕಿ ಬೇಕು. ಮೆಲ್ಬರ್ನ್‌ನಂಥ ಊರಲ್ಲಿ ಉತ್ತರದ ಕಿಟಕಿ. ಸಾಲದಿದ್ದರೆ ಗಿಡಕ್ಕೆಂದೇ ಬರುವ ಎಲ್‌ಇಡಿ ದೀಪ ಹಾಕಬಹುದು.

ನೀರು: ಎರಡು ಬೆರಳು ಆಳ ಮಣ್ಣು ಒಣಗಿದ ಮೇಲೆ ಮಾತ್ರ. ಫ್ರಿಜ್‌ನ ಹಾಗೆ ತಣ್ಣಗಿರುವ ನಲ್ಲಿ ನೀರು ನೇರವಾಗಿ ಬೇಡ, ಸ್ವಲ್ಪ ಹೊತ್ತು ಒಳಗಿಟ್ಟು ಹಾಕಿ. ಲಂಡನ್ ನೀರು ಗಡಸು. ಎಲೆ ಹಳದಿಯಾಗಿ ನರ ಮಾತ್ರ ಹಸಿರಿದ್ದರೆ ಕಬ್ಬಿಣದ ಅಂಶ ಗಿಡಕ್ಕೆ ಸಿಗ್ತಿಲ್ಲ ಎಂದರ್ಥ. ಮಳೆ ನೀರು ಹಿಡಿದಿಟ್ಟು ಹಾಕಿದರೆ ಸುಧಾರಿಸುತ್ತೆ.

ಹೀಟರ್: ಹತ್ತಿರ ಇಟ್ಟರೆ ಒಣ ಗಾಳಿಗೆ ಎಲೆ ಮುದುಡಿ ಜೇಡನುಸಿ ಹತ್ತುತ್ತೆ. ವಾರಕ್ಕೊಮ್ಮೆ ಎಲೆ ಎರಡೂ ಬದಿ ನೀರಲ್ಲಿ ತೊಳೆಯಿರಿ.

ಹೊರಗೆ ಇಡೋದು: ವಸಂತ ಬಂದು ರಾತ್ರಿ ಬೆಚ್ಚಗಾದ ಮೇಲೆ ಮೊದಲು ನೆರಳಲ್ಲಿ, ಹತ್ತು ದಿನ ಬಿಟ್ಟು ಬಿಸಿಲಿಗೆ. ಒಮ್ಮೆಲೇ ಬಿಸಿಲಿಗಿಟ್ಟರೆ ಎಲೆ ಸುಡುತ್ತೆ. ಗೊಬ್ಬರವೂ ಚಿಗುರು ಕಂಡ ಮೇಲೇ, ಚಳಿಯಲ್ಲಿ ಬೇಡ.

ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳು

ಎಲೆ ಪೂರ್ತಿ ಉದುರಿದೆ, ಗಿಡ ಸತ್ತಿತಾ?
ಉಗುರಿಂದ ತೊಗಟೆ ಸ್ವಲ್ಪ ಕೆರೆದು ನೋಡಿ. ಒಳಗೆ ಹಸಿರಿದ್ದರೆ ಜೀವ ಇದೆ. ನೀರು ಕಡಿಮೆ ಮಾಡಿ, ಬೆಳಕಲ್ಲಿಟ್ಟು ಬೇಸಿಗೆವರೆಗೆ ಕಾಯಿರಿ. ಮೇಲೆ ಒಣಗಿದ್ದರೂ ಬುಡದಿಂದ ಚಿಗುರು ಬರೋದುಂಟು.

ಎಲೆ ಒಂದೊಂದೇ ಕೀಳಬಹುದಾ?
ಬೇಡ. ಕಡ್ಡಿ ಸಮೇತ, ಆಗಾಗ ತುದಿ ಕೊಂಬೆ ಸಮೇತ ಕತ್ತರಿಸಿ. ಕತ್ತರಿಸಿದ ಕಡೆ ಎರಡು ಚಿಗುರು ಬರುತ್ತೆ. ಚಳಿಗಾಲದಲ್ಲಿ ಮಾತ್ರ ಕೈ ಬಿಗಿ ಇರಲಿ.

ಹೂ ಬಿಟ್ಟರೆ?
ಎಳೆ ಗಿಡ ಆದರೆ ಹೂಗೊಂಚಲು ಚಿವುಟಿ. ಸೊಪ್ಪಿಗೆ ಹೋಗಬೇಕಾದ ಶಕ್ತಿ ಕಾಯಿಗೆ ಹೋಗುತ್ತೆ.

ಬುಡದ ಮರಿ ಬೇರೆ ಕಡೆ ನೆಡಬಹುದಾ?
ಊರೊಳಗೆ ಧಾರಾಳವಾಗಿ. ಸ್ವಲ್ಪ ಬೇರು ಸಮೇತ ಕಡಿದು, ಎಲೆ ಅರ್ಧ ಸವರಿ, ಮಳೆಗಾಲದ ಶುರುವಲ್ಲಿ ನೆಟ್ಟರೆ ಹಿಡಿಯುತ್ತೆ. ಚಿಗುರಿಗೆ ಕೀಟ ಮುತ್ತಿದ ಗಿಡದ ಮರಿಯನ್ನು ನಿಂಬೆ, ಹೇರಳೆ ಇರುವ ಹಿತ್ತಲಿಗೆ ಒಯ್ಯಬೇಡಿ.

ಸೊಪ್ಪು ಹೆಚ್ಚು ದಿನ ಇಡೋದು ಹೇಗೆ?
ತೊಳೆಯದೆ, ಒಣ ಬಟ್ಟೆಯಲ್ಲಿ ಸುತ್ತಿ ಫ್ರಿಜ್‌ನಲ್ಲಿಡಿ. ನೀರು ಚಿಮುಕಿಸಿ ಪ್ಲಾಸ್ಟಿಕ್ಕಲ್ಲಿ ಕಟ್ಟಿದ ಸೊಪ್ಪು ಬೇಗ ಕಪ್ಪಾಗುತ್ತೆ. ಒಣಗಿಸೋದಾದರೆ ನೆರಳಲ್ಲೇ ಒಣಗಿಸಿ.

ಹೆಚ್ಚಿನ ಮಾಹಿತಿಗೆ

ತಳಿ, ರೋಗದ ವಿಚಾರಕ್ಕೆ ಆಯಾ ತಾಲ್ಲೂಕಿನ ತೋಟಗಾರಿಕೆ ಇಲಾಖೆ ಕಚೇರಿ, ಸಾಗರ ತಾಲ್ಲೂಕು ಇರುವಕ್ಕಿಯಲ್ಲಿರುವ ಕೆಳದಿ ಶಿವಪ್ಪ ನಾಯಕ ಕೃಷಿ ಮತ್ತು ತೋಟಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯದಲ್ಲಿ ಕೇಳಬಹುದು. ರೋಗ ಬಂದಿದ್ದರೆ ಎಲೆಯ ಫೋಟೋ ಜೊತೆಗೆ ಚಿಗುರಿನ ಫೋಟೋನೂ ತೆಗೆದುಕೊಂಡು ಹೋಗಿ, ಕೀಟ ಇರೋದು ಚಿಗುರಲ್ಲೇ.

ಹೊರದೇಶದಲ್ಲಿರುವ ಮಕ್ಕಳಿಗೆ ಬ್ಯಾಗಲ್ಲಿ ಸಸಿ ಕಳಿಸೋ ಬದಲು ಈ ಸಲ ಒಂದು ಡಬ್ಬಿ ಕರಿಬೇವಿನ ಚಟ್ನಿಪುಡಿ ಕಳಿಸಿ. ಗಿಡ ಅವರು ಅಲ್ಲೇ ಕೊಳ್ಳಲಿ. ಎಲೆ ಉದುರಿತು ಎಂದು ಜನವರಿಯಲ್ಲಿ ಫೋನ್ ಬಂದರೆ ಹೇಳಬೇಕಾದ್ದು ಇಷ್ಟೇ: ನೀರು ನಿಲ್ಲಿಸು, ತೊಗಟೆ ಕೆರೆದು ನೋಡು, ಕಾಯಿ.